ಮಗುವಿಗೆ ಮಧ್ಯದ ಹೆಸರು ಬೇಕು: ಅಪರೂಪದ್ದು, ಹುಡುಗನಿಗೂ ಹುಡುಗಿಗೂ ಒಪ್ಪುವಂಥದ್ದು

ಬೆಳ್ಳಿಚುಕ್ಕಿ

ಎಲ್ಲರಿಗೂ ನಮಸ್ಕಾರ. ನಮ್ಮ ಮೊದಲ ಮಗು ಬರುವುದಕ್ಕೆ ಇನ್ನು ಸ್ವಲ್ಪವೇ ಸಮಯ ಇದೆ. ಗಂಡೋ ಹೆಣ್ಣೋ ಗೊತ್ತಿಲ್ಲ, ಈಗಲೇ ಗೊತ್ತಾಗಬೇಕು ಅಂತ ಆಸೆಯೂ ಇಲ್ಲ. ಮೊದಲ ಹೆಸರು ಎರಡು ಆರಿಸಿ ಇಟ್ಟಿದ್ದೇವೆ. ಹುಡುಗಿಯಾದರೆ ಮೈತ್ರಿ, ಹುಡುಗನಾದರೆ ಸುಹಾಸ. ಮನೆತನದ ಹೆಸರು ಹೇಗೂ ಕೊನೆಗೆ ಬರುತ್ತದೆ. ನಡುವೆ ಒಂದು ಹೆಸರು ಬೇಕು. ಮಗು ಯಾರೇ ಆಗಲಿ, ಆ ಹೆಸರು ಮಾತ್ರ ಬದಲಾಗಬಾರದು ಅನ್ನುವುದು ನಮ್ಮಿಬ್ಬರ ಆಸೆ. ಹಾಗಾದರೆ ಈಗಿನಿಂದಲೇ ಹೊಟ್ಟೆಯಲ್ಲಿರುವ ಮಗುವನ್ನು ಅದೇ ಹೆಸರಿನಿಂದ ಕರೆಯಬಹುದು, ಅಲ್ವಾ?

ನಮಗೆ ಇಷ್ಟವಾದವು: ಹೊಳೆ, ತೊರೆ, ಇಂಚರ, ಮುಗಿಲು, ಎಲರ್. ಕೊನೆಯದು ಹಳಗನ್ನಡದ ಮಾತು, ಗಾಳಿ ಅಂತ ಅರ್ಥ. ಪಟ್ಟಿ ಇನ್ನೂ ಖಾಲಿಯೇ ಅನ್ನಿಸುತ್ತದೆ. ಅಪರೂಪದ್ದಾಗಿರಬೇಕು, ಆದರೆ ಕೇಳಿದವರು ಮುಖ ಸಿಂಡರಿಸಬಾರದು. ದೇವರ ಹೆಸರು, ಊರಿನ ಹೆಸರು ಬೇಡ. ಯಾವ ಸಲಹೆಯಾದರೂ ಸರಿ, ಮನಸ್ಸಿಗೆ ಬಂದದ್ದನ್ನು ಹೇಳಿ.

ಇಬ್ಬರು ಮಕ್ಕಳ ಅಮ್ಮ

ಮೊದಲಿಗೆ ಅಭಿನಂದನೆ, ಬೆಳ್ಳಿಚುಕ್ಕಿ. ನಿಮ್ಮ ಪಟ್ಟಿಯಿಂದ ಎರಡನ್ನು ನಾನು ಈಗಲೇ ತೆಗೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಹೊಳೆ ಅನ್ನುವುದು ಕನ್ನಡದಲ್ಲಿ ಎಷ್ಟು ಚೆಂದ! ನೀರೂ ಹೌದು, ಹೊಳಪೂ ಹೌದು. ಆದರೆ ಇಂಗ್ಲಿಷ್ ಅಕ್ಷರದಲ್ಲಿ ಬರೆದು ನೋಡಿ. ಎಚ್, ಓ, ಎಲ್, ಇ. ಕನ್ನಡ ಬಾರದವರು ಅದನ್ನು ಹೋಲ್ ಅಂತಲೇ ಓದುತ್ತಾರೆ. ತೂತು ಅಂತ ಅರ್ಥ. ಶಾಲೆಯಲ್ಲಿ ಯಾರೋ ಒಬ್ಬರು ಒಮ್ಮೆ ಓದಿದರೆ ಸಾಕು, ಅದು ಮಗುವಿನ ಬೆನ್ನು ಬಿಡುವುದಿಲ್ಲ.

ತೊರೆಯದು ಇನ್ನೊಂದು ಕಥೆ. ಹರಿಯುವ ನೀರು ಸರಿ, ಆದರೆ ತೊರೆ ಅಂದರೆ ಬಿಟ್ಟುಬಿಡು ಅಂತಲೂ ಆಗುತ್ತದೆ. ಹೆತ್ತವರು ಕೊಟ್ಟ ಹೆಸರಿನಲ್ಲೇ ಆ ಮಾತು ಇರಬೇಕಾ? ಅದೇ ತರಹದ್ದು ಅಲೆ. ಸಮುದ್ರದ ಅಲೆ ಒಂದು ಕಡೆ, ಅಲೆದಾಡು ಇನ್ನೊಂದು ಕಡೆ. ಇಷ್ಟವಾದ ಪ್ರತಿ ಹೆಸರನ್ನೂ ಹೀಗೆ ತಿರುಗಿಸಿ ಮುರುಗಿಸಿ ನೋಡಿ.

ಹಳೇ ಪುಸ್ತಕದ ಹುಳು

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೆಸರು ಎರಡೂ ಕಡೆಗೆ ಸೇರಿದ್ದು ಅನ್ನುವುದು ನಿಂತ ನೀರಲ್ಲ. ಇವತ್ತು ನಡುವೆ ಇರುವುದು ನಾಳೆ ಒಂದು ಕಡೆಗೆ ವಾಲಿಬಿಡಬಹುದು. ಇಂಗ್ಲಿಷ್ ಹೆಸರುಗಳನ್ನೇ ನೋಡಿ. ಆಶ್ಲಿ, ಬೆವರ್ಲಿ, ಶರ್ಲಿ ಎಲ್ಲವೂ ಮೊದಲು ಜಾಗದ ಹೆಸರುಗಳು, ಆಮೇಲೆ ಮನೆತನದ ಹೆಸರುಗಳು, ಆಮೇಲೆ ಗಂಡಸರ ಹೆಸರುಗಳು. ಈಗ ಕೇಳಿದರೆ ಹೆಂಗಸರ ಹೆಸರು ಅನ್ನುತ್ತಾರೆ. ಹುಡುಗರ ಹೆಸರು ಹುಡುಗಿಯರಿಗೆ ಹೋಗುವುದು ಜಾಸ್ತಿ. ಹುಡುಗಿಯರದ್ದು ಹುಡುಗರಿಗೆ ಬರುವುದು ತೀರಾ ಕಡಿಮೆ. ಹುಡುಗಿಯರಿಗೆ ಇಡಲು ಶುರುವಾದ ಕೂಡಲೇ ಹುಡುಗರ ಹೆತ್ತವರು ಆ ಹೆಸರನ್ನು ಬಿಟ್ಟುಬಿಡುತ್ತಾರೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ.

ನಮ್ಮಲ್ಲೂ ಇದೇ ನಡೆಯುತ್ತಿದೆ. ಇಂಚರ ಅಂದರೆ ಇಂಪಾದ ದನಿ. ದನಿಗೆ ಗಂಡು ಹೆಣ್ಣು ಎಲ್ಲಿದೆ? ಆದರೂ ಇಂಚರ ಅಂದ ತಕ್ಷಣ ನಮ್ಮ ಕಿವಿಗೆ ಹುಡುಗಿಯೇ ಕಾಣುತ್ತಾಳೆ. ಇಬ್ಬನಿಯೂ ಹಾಗೇ. ಸಾಗರ ಅಂದರೆ ಹುಡುಗ. ಮೆತ್ತಗಿನದ್ದು, ಸಣ್ಣದು, ಇಂಪಾದದ್ದು ಎಲ್ಲ ಹುಡುಗಿಯರಿಗೆ. ದೊಡ್ಡದು, ಎತ್ತರದ್ದು, ಸುಡುವಂಥದ್ದು ಎಲ್ಲ ಹುಡುಗರಿಗೆ. ಹೀಗೆ ಜಗತ್ತನ್ನೇ ಇಬ್ಬರಿಗೆ ಹಂಚಿಬಿಟ್ಟಿದ್ದೇವೆ. ಅದಕ್ಕೇ ಅರ್ಥ ಒಂದನ್ನೇ ನೋಡಿ ಹೆಸರು ಆರಿಸಿದರೆ ಸಾಲದು. ಇಲ್ಲಿಯವರೆಗೆ ಯಾರಿಗೆಲ್ಲ ಇಟ್ಟಿದ್ದಾರೆ ಅಂತಲೂ ನೋಡಬೇಕು.

ಕೊನೆಯ ಸ್ವರವೂ ಕೆಲಸ ಮಾಡುತ್ತದೆ. ದೀರ್ಘ ಆ, ದೀರ್ಘ ಈ ಬಂದರೆ ನಮ್ಮ ಕಿವಿ ಹೆಣ್ಣು ಅನ್ನುತ್ತದೆ. ಉಕಾರ ಬಂದರೆ ಸ್ವಲ್ಪ ತಡೆಯುತ್ತದೆ. ಮಧು, ಮಂಜು ಎರಡೂ ಕಡೆ ಇವೆಯಲ್ಲ. ಇಕಾರದ ಶಶಿಯೂ ಎರಡೂ ಕಡೆ ಇದೆ. ಕಿರಣ್ ಅಂದರೆ ಕಿರಣ್ ಬೇಡಿಯವರೂ ಹೌದು, ವಿಕೆಟ್ ಕೀಪರ್ ಕಿರಣ್ ಮೋರೆಯವರೂ ಹೌದು. ಅಪರೂಪದ ಹೆಸರಿಗೆ ಇಲ್ಲೊಂದು ಲಾಭ ಇದೆ. ಅದನ್ನು ಇಟ್ಟುಕೊಂಡವರೇ ಕಡಿಮೆ ಆದ್ದರಿಂದ ಕಿವಿ ಇನ್ನೂ ತೀರ್ಪು ಕೊಟ್ಟಿರುವುದಿಲ್ಲ. ಎಲರ್ ಮತ್ತು ಮುಗಿಲು ಎರಡೂ ಆ ಸ್ಥಿತಿಯಲ್ಲಿವೆ.

ನಡುವೆ ಜ್ಯೋತಿ

ನಾನು ಗಂಡಸು. ನನ್ನ ಮಧ್ಯದ ಹೆಸರು ಜ್ಯೋತಿ. ಈ ಚರ್ಚೆಯಲ್ಲಿ ಅಂಥ ಹೆಸರು ಹೊತ್ತವರ ಮಾತೂ ಇರಲಿ ಅಂತ ಬರೆಯುತ್ತಿದ್ದೇನೆ.

ಚಿಕ್ಕವನಿದ್ದಾಗ ಏನೂ ಅನ್ನಿಸಲಿಲ್ಲ. ಹೈಸ್ಕೂಲಿನಲ್ಲಿ ಹಾಜರಿ ಕೂಗುವಾಗ ಪೂರ್ತಿ ಹೆಸರು ಓದಿದರೆ ಹಿಂದಿನ ಬೆಂಚಿನಲ್ಲಿ ನಗು ಏಳುತ್ತಿತ್ತು. ಆಗ ಬರೀ ಜೆ ಅಂತ ಬರೆಯಲು ಶುರು ಮಾಡಿದೆ. ಯಾರೂ ಕೇಳಲಿಲ್ಲ. ಮಧ್ಯದ ಹೆಸರಿನ ಒಳ್ಳೆಯ ಗುಣವೇ ಇದು. ಬೇಡವಾದಾಗ ಒಂದು ಅಕ್ಷರಕ್ಕೆ ಇಳಿಸಿ ಇಟ್ಟುಕೊಳ್ಳಬಹುದು. ಮೊದಲ ಹೆಸರಿಗೆ ಹಾಗೆ ಮಾಡಲು ಆಗುವುದಿಲ್ಲ.

ದೊಡ್ಡವನಾದ ಮೇಲೆ ಜ್ಯೋತಿ ಬಸು ಅವರ ಹೆಸರು ಪತ್ರಿಕೆಯಲ್ಲಿ ದಿನವೂ ಕಾಣುತ್ತಿತ್ತು. 1977ರಿಂದ 2000ದವರೆಗೆ ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದವರು. ಅವರನ್ನು ಯಾರೂ ಹೆಂಗಸು ಅಂದುಕೊಳ್ಳಲಿಲ್ಲ. ಈಗ ನಾನು ಪೂರ್ತಿ ಹೆಸರನ್ನೇ ಬರೆಯುತ್ತೇನೆ. ಅಮ್ಮ ಮಾತ್ರ ಮೊದಲಿನಿಂದಲೂ ನನ್ನನ್ನು ಜ್ಯೋತಿ ಅಂತಲೇ ಕರೆದದ್ದು. ಕೆಲವೊಮ್ಮೆ ಶ್ರೀಮತಿ ಅಂತ ಪತ್ರ ಬರುತ್ತದೆ. ಬರಲಿ ಬಿಡಿ.

ನನ್ನ ಸಲಹೆ ಇಷ್ಟೇ. ಹೆಸರು ಇಟ್ಟ ಕಾರಣವನ್ನು ಮಗುವಿಗೆ ಹೇಳಿಕೊಡಿ. ಯಾರಾದರೂ ಕೇಳಿದಾಗ ಒಂದೇ ಉಸಿರಿನಲ್ಲಿ ಹೇಳುವಷ್ಟು ಚಿಕ್ಕದಾಗಿರಲಿ ಆ ಕಾರಣ. ನನಗೆ ಅದು ಗೊತ್ತಿದ್ದಿದ್ದರೆ ಹೈಸ್ಕೂಲಿನಲ್ಲಿ ತುಂಬಾ ಸುಲಭವಾಗುತ್ತಿತ್ತು.

ನೇರ ಮಾತು

ನನಗೆ ಒಂದು ಪ್ರಶ್ನೆ. ಹುಡುಗ ಹುಡುಗಿ ಭೇದ ಬೇಡ ಅಂತೀರಿ, ಆದರೆ ಮೊದಲ ಹೆಸರು ಎರಡು ಬೇರೆ ಬೇರೆ ಇಟ್ಟುಕೊಂಡಿದ್ದೀರಿ. ಹಾಗಾದರೆ ಯಾರ ಕಣ್ಣಿಗೂ ಬೀಳದ ಮಧ್ಯದ ಹೆಸರಿನಲ್ಲಿ ಮಾತ್ರ ಈ ಹಟ ಯಾಕೆ? ಅಪರೂಪದ್ದು ಬೇಕು ಅನ್ನುವುದು ಹೆತ್ತವರ ಆಸೆ. ಹೊರುವುದು ಮಗು. ಎಲ್ಲರಿಗೂ ಗೊತ್ತಿರುವ ಒಂದು ಹೆಸರು ಇಟ್ಟರೆ ಮಗುವಿಗೆ ನೆಮ್ಮದಿ.

ಬೆಳ್ಳಿಚುಕ್ಕಿ

ನೇರ ಮಾತು ಅವರೇ, ಕೇಳಿದ್ದು ಒಳ್ಳೆಯದಾಯಿತು. ಇದನ್ನು ನಾವಿಬ್ಬರೂ ರಾತ್ರಿಯೆಲ್ಲ ಮಾತಾಡಿದ್ದೇವೆ.

ಮೊದಲ ಹೆಸರು ಊರಿಗೆಲ್ಲ ಬೇಕಾದದ್ದು. ಶಾಲೆಗೆ, ಗೆಳೆಯರಿಗೆ, ನೆಂಟರಿಗೆ. ಅಲ್ಲಿ ಮಗುವಿಗೆ ಸುಲಭವಾಗಲಿ ಅಂತ ಎಲ್ಲರಿಗೂ ಗೊತ್ತಿರುವ ಹೆಸರನ್ನೇ ಆರಿಸಿದ್ದೇವೆ. ಮೈತ್ರಿ, ಸುಹಾಸ ಎರಡೂ ಸಾಮಾನ್ಯ ಹೆಸರುಗಳು, ಅದು ಬೇಕಂತಲೇ ಮಾಡಿದ್ದು. ಮಧ್ಯದ ಹೆಸರು ಮಾತ್ರ ನಮ್ಮ ಮನೆಯೊಳಗಿನ ಮಾತು. ನೀನು ಏನಾಗಿ ಹುಟ್ಟಿದರೂ ನಿನಗಾಗಿ ಇದನ್ನು ಮೊದಲೇ ಎತ್ತಿಟ್ಟಿದ್ದೆವು ಅಂತ ಮಗುವಿಗೆ ಹೇಳಬೇಕು ಅನ್ನುವ ಆಸೆ. ಮುಂದೆ ಮಗುವಿಗೆ ಮೊದಲ ಹೆಸರು ಒಗ್ಗದೇ ಹೋದರೆ, ಯಾವ ಕಾರಣಕ್ಕಾದರೂ ಆಗಲಿ, ಕೈಗೆ ಸಿಗುವಂತೆ ಇನ್ನೊಂದು ಹೆಸರು ಅದರ ದಾಖಲೆಯಲ್ಲೇ ಇರುತ್ತದೆ. ಅದು ಎರಡು ಕಡೆಗೂ ಒಪ್ಪುವಂಥದ್ದಾದರೆ ಇನ್ನೂ ಒಳ್ಳೆಯದು.

ಗಣಿತದ ಟೀಚರ್

ನೇರ ಮಾತು ಅವರ ಪ್ರಶ್ನೆಗೆ ನನ್ನದೂ ಒಂದು ಉತ್ತರ. 2012ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಆಯಿತು. ವಿಶ್ವವಿದ್ಯಾಲಯಗಳ 127 ಮಂದಿ ವಿಜ್ಞಾನ ಪ್ರಾಧ್ಯಾಪಕರಿಗೆ ಲ್ಯಾಬ್ ಮ್ಯಾನೇಜರ್ ಕೆಲಸದ ಒಂದೇ ಅರ್ಜಿಯನ್ನು ಕೊಟ್ಟರು. ಅರ್ಧ ಜನಕ್ಕೆ ಹೋದ ಅರ್ಜಿಯಲ್ಲಿ ಹೆಸರು ಜಾನ್, ಉಳಿದವರದ್ದರಲ್ಲಿ ಜೆನಿಫರ್. ಹೆಸರು ಬಿಟ್ಟು ಒಂದಕ್ಷರವೂ ಬೇರೆ ಇರಲಿಲ್ಲ. ಜಾನ್‌ಗೆ ಹೆಚ್ಚು ಯೋಗ್ಯತೆ ಇದೆ ಅಂದರು, ಸಂಬಳವೂ ಹೆಚ್ಚು ಕೊಡಬಹುದು ಅಂದರು. ಹಾಗೆ ಅಂದವರಲ್ಲಿ ಹೆಂಗಸರೂ ಇದ್ದರು.

ಮಧ್ಯದ ಹೆಸರು ಇದನ್ನೆಲ್ಲ ಸರಿ ಮಾಡುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಮೊದಲ ಹೆಸರನ್ನು ಇನಿಷಿಯಲ್ ಮಾಡಿ, ಮಧ್ಯದ ಹೆಸರಿನಿಂದ ಬದುಕಿದವರು ಎಷ್ಟೋ ಮಂದಿ ಇದ್ದಾರೆ. ಆ ಬಾಗಿಲು ತೆರೆದೇ ಇರಲಿ. ಮುಂದೆ ನನ್ನ ವಿದ್ಯಾರ್ಥಿನಿಯೊಬ್ಬಳು ಎಂ. ಮುಗಿಲು ಅಂತ ಅರ್ಜಿ ಹಾಕಿದರೆ, ಓದುವವರು ಮೊದಲು ಅವಳ ಅಂಕ ನೋಡಬೇಕಾಗುತ್ತದೆ.

ಕಡತ ನೋಡುವವ

ದಾಖಲೆಗಳ ಕೆಲಸ ಮಾಡುವವನು ನಾನು. ಹೆಸರಿನ ಚೆಂದ ನಿಮಗೆ ಬಿಟ್ಟದ್ದು. ಕಾಗದದ ಮೇಲೆ ಅದು ಪಡುವ ಪಾಡನ್ನು ನಾನು ಹೇಳುತ್ತೇನೆ, ಯಾಕೆಂದರೆ ದಿನವೂ ಅದನ್ನೇ ನೋಡುತ್ತೇನೆ.

ಎಷ್ಟೋ ಅರ್ಜಿಗಳಲ್ಲಿ ಮಧ್ಯದ ಹೆಸರಿಗೆ ಜಾಗವೇ ಇಲ್ಲ. ಎರಡೇ ಖಾನೆ ಇರುತ್ತವೆ. ಆಗ ಒಬ್ಬರು ಅದನ್ನು ಮೊದಲ ಹೆಸರಿಗೆ ಸೇರಿಸುತ್ತಾರೆ, ಇನ್ನೊಬ್ಬರು ಮನೆತನದ ಹೆಸರಿಗೆ ಅಂಟಿಸುತ್ತಾರೆ, ಮತ್ತೊಬ್ಬರು ಬಿಟ್ಟೇ ಬಿಡುತ್ತಾರೆ. ಹತ್ತು ವರ್ಷ ಆದ ಮೇಲೆ ಒಂದೇ ಮಗುವಿಗೆ ಮೂರು ಬೇರೆ ಬೇರೆ ಹೆಸರು. ಸರಿ ಮಾಡಿಸಲು ಓಡಾಡುವವರು ನೀವು. ಆದ್ದರಿಂದ ಜನನ ಪ್ರಮಾಣಪತ್ರದಲ್ಲಿ ಹೇಗೆ ಬರೆಸುತ್ತೀರೋ ಹಾಗೇ ಎಲ್ಲ ಕಡೆ ಬರೆಸಿ. ಒಂದು ಅಕ್ಷರವೂ ಆಚೀಚೆ ಆಗಬಾರದು. ಎರಡೇ ಖಾನೆ ಇದ್ದರೆ ಮಧ್ಯದ ಹೆಸರು ಮೊದಲ ಹೆಸರಿನ ಜೊತೆಗೇ ಹೋಗಲಿ, ನಡುವೆ ಒಂದು ಖಾಲಿ ಜಾಗ ಬಿಟ್ಟು. ಇದನ್ನು ಈಗಲೇ ತೀರ್ಮಾನ ಮಾಡಿಕೊಳ್ಳಿ.

ಪಾಸ್‌ಪೋರ್ಟ್ ಪುಟದ ಕೆಳಗೆ ಯಂತ್ರ ಓದುವ ಎರಡು ಸಾಲು ಇರುತ್ತವೆ, ನೋಡಿದ್ದೀರಾ? ಒಂದೊಂದರಲ್ಲಿ 44 ಅಕ್ಷರ. ಮೇಲಿನ ಸಾಲಿನಲ್ಲಿ ದಾಖಲೆಯ ಬಗೆಗೂ ದೇಶದ ಗುರುತಿಗೂ 5 ಹೋದರೆ ಹೆಸರಿಗೆ ಉಳಿಯುವುದು 39. ಅದರಲ್ಲೇ ಮನೆತನದ ಹೆಸರು, ಮೊದಲ ಹೆಸರು, ಮಧ್ಯದ ಹೆಸರು, ನಡುವಿನ ಬಾಣದ ಗುರುತುಗಳು ಎಲ್ಲ ಹಿಡಿಯಬೇಕು. ಉದ್ದವಾದರೆ ಕತ್ತರಿಸುತ್ತಾರೆ. ನಡುಗೆರೆ ಹಾಕಿ ಎರಡು ಹೆಸರು ಜೋಡಿಸಿದರೆ ಆ ಗೆರೆ ಅಲ್ಲಿ ಉಳಿಯುವುದಿಲ್ಲ. ಮೇಲೆ ಹಾಕುವ ಅಲ್ಪವಿರಾಮದ ಚಿಹ್ನೆಯೂ ಹೋಗುತ್ತದೆ. ಆದ್ದರಿಂದ ಚಿಹ್ನೆ ಇಲ್ಲದ, ನಾಲ್ಕರಿಂದ ಏಳು ಇಂಗ್ಲಿಷ್ ಅಕ್ಷರದಲ್ಲಿ ಮುಗಿಯುವ ಹೆಸರು ಆರಿಸಿ.

ಇನಿಷಿಯಲ್‌ಗಳನ್ನೂ ಒಟ್ಟಿಗೆ ಬರೆದು ನೋಡಿ. ಪಿ, ಐ, ಜಿ ಸಾಲಾಗಿ ಬಂದರೆ ಮಗುವಿಗೆ ಹಂದಿ ಅನ್ನುವ ಅಡ್ಡಹೆಸರು ಗ್ಯಾರಂಟಿ.

ಹಳೇ ಪುಸ್ತಕದ ಹುಳು

ಕಡತ ನೋಡುವವ ಅವರು ದಾಖಲೆ ಅಂದಾಗ ನನಗೆ ಎರಡು ಪ್ರಕರಣ ನೆನಪಾದವು. ಎರಡೂ ಈ ಚರ್ಚೆಗೆ ಹೇಳಿ ಮಾಡಿಸಿದಂತಿವೆ.

ಮೊದಲನೆಯದು ಜರ್ಮನಿಯದ್ದು. ಅಲ್ಲಿ ಹೆಸರು ಕೇಳಿದರೆ ಹುಡುಗನೋ ಹುಡುಗಿಯೋ ತಿಳಿಯಬೇಕು ಅನ್ನುವ ಪದ್ಧತಿ ಬಹಳ ಕಾಲ ಇತ್ತು. ತಿಳಿಯದ ಹೆಸರಾದರೆ, ತಿಳಿಯುವಂಥ ಇನ್ನೊಂದು ಹೆಸರನ್ನು ಜೊತೆಗೆ ಸೇರಿಸಿ ಅನ್ನುತ್ತಿದ್ದರು. ಅಂದರೆ ಮಧ್ಯದ ಹೆಸರಿನ ಕೆಲಸವೇ ಲಿಂಗ ಹೇಳುವುದು! ಒಬ್ಬ ದಂಪತಿ ಮಗಳಿಗೆ ಕಿರಣ್ ಅಂತ ಹೆಸರಿಟ್ಟರು. ಕಚೇರಿಯವರು ಒಪ್ಪಲಿಲ್ಲ. ಕೇಸು ಮೇಲಿನ ಮೇಲಿನ ಕೋರ್ಟಿಗೆ ಹೋಗಿ ಕೊನೆಗೆ ಸಂವಿಧಾನ ನ್ಯಾಯಾಲಯ ಮುಟ್ಟಿತು. 2008ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ಹೆಸರು ಲಿಂಗ ಹೇಳಲೇಬೇಕು ಅಂತ ಯಾವ ಕಾನೂನೂ ಇಲ್ಲ, ಮಗುವಿಗೆ ಕೆಡುಕಾಗದಿದ್ದರೆ ಸಾಕು ಅಂತ. ನಮಗೆಲ್ಲ ಗೊತ್ತಿರುವ ಒಂದು ಹೆಸರು ಅಷ್ಟು ದೂರದ ದೇಶದ ಪದ್ಧತಿಯನ್ನೇ ಬದಲಿಸಿತು ಅಂದಾಗ ನನಗೆ ತುಂಬಾ ಖುಷಿಯಾಗಿತ್ತು.

ಅದೇ ಜರ್ಮನಿಯಲ್ಲಿ ಮರಿಯಾ ಅನ್ನುವುದನ್ನು ಗಂಡುಮಕ್ಕಳಿಗೂ ಮಧ್ಯದ ಹೆಸರಾಗಿ ಇಡಲು ಬಿಡುತ್ತಿದ್ದರು. ಪಕ್ಕದ ಆಸ್ಟ್ರಿಯಾದ ನಟ ಕ್ಲಾಸ್ ಮರಿಯಾ ಬ್ರಾಂಡೌವರ್ ತಾವೇ ಇಟ್ಟುಕೊಂಡ ರಂಗನಾಮದಲ್ಲೂ ಅದು ಇದೆ. ಮೊದಲ ಹೆಸರಿನಲ್ಲಿ ಒಪ್ಪದ್ದನ್ನು ಮಧ್ಯದಲ್ಲಿ ಒಪ್ಪುವುದು ಹೊಸದೇನಲ್ಲ ಅನ್ನುವುದಕ್ಕೆ ಹೇಳಿದೆ.

ಎರಡನೆಯದು ಐಸ್‌ಲ್ಯಾಂಡ್‌ನದ್ದು. ಒಬ್ಬ ಹುಡುಗಿಗೆ ಅವಳ ತಾಯಿ ಬ್ಲೈರ್ ಅಂತ ಹೆಸರಿಟ್ಟರು. ಅವರ ಭಾಷೆಯಲ್ಲಿ ಆ ಪದ ಪುಲ್ಲಿಂಗ, ಆದ್ದರಿಂದ ಹುಡುಗಿಗೆ ಸಲ್ಲದು ಅಂತ ಹೆಸರುಗಳ ಸಮಿತಿ ತಿರಸ್ಕರಿಸಿತು. ಸರಕಾರಿ ಕಾಗದಗಳಲ್ಲಿ ಅವಳ ಹೆಸರಿನ ಜಾಗದಲ್ಲಿ ಬರೀ ಹುಡುಗಿ ಅಂತ ಬರೆದಿರುತ್ತಿತ್ತು. ಹದಿನೈದು ವರ್ಷ ಹಾಗೇ ಬದುಕಿದಳು. 2013ರ ಜನವರಿಯಲ್ಲಿ ನ್ಯಾಯಾಲಯ ಅವಳ ಪರ ಹೇಳಿತು. 2019ರಲ್ಲಿ ಅಲ್ಲಿನ ಕಾನೂನೇ ಬದಲಾಯಿತು. ಈಗ ಒಪ್ಪಿಗೆ ಪಡೆದ ಹೆಸರನ್ನು ಗಂಡು ಹೆಣ್ಣು ಅನ್ನದೆ ಯಾರಾದರೂ ಇಟ್ಟುಕೊಳ್ಳಬಹುದು.

ಬ್ಲೈರ್ ಅಂದರೆ ಏನು ಗೊತ್ತಾ ಬೆಳ್ಳಿಚುಕ್ಕಿ? ತಂಗಾಳಿ. ನಿಮ್ಮ ಪಟ್ಟಿಯ ಕೊನೆಯ ಹೆಸರು.

ಬೆಳ್ಳಿಚುಕ್ಕಿ

ಇದನ್ನು ಓದಿ ಮೈ ಜುಮ್ ಅಂತು. ಇವರಿಗೂ ಓದಿ ಹೇಳಿದೆ. ಎಲರ್ ಈಗ ಪಟ್ಟಿಯಲ್ಲಿ ಮೊದಲಿಗೆ ಬಂತು.

ಸದ್ದು ಕೇಳುವವಳು

ಎಲರ್ ನನಗೂ ಇಷ್ಟ. ಆದರೆ ಹೆಸರನ್ನು ಬರೀ ಬರೆದು ನೋಡಬೇಡಿ, ಮೊದಲ ಹೆಸರಿನ ಜೊತೆ ಸೇರಿಸಿ ಜೋರಾಗಿ ಹೇಳಿ. ಕನ್ನಡದಲ್ಲಿ ಸ್ವರದ ಮುಂದೆ ಸ್ವರ ಬಂದರೆ ಸುಮ್ನೆ ಇರುವುದಿಲ್ಲ, ಸಂಧಿ ಆಗಿಬಿಡುತ್ತದೆ. ಮೈತ್ರಿ ಎಲರ್ ಅನ್ನುವುದು ನಾಲಿಗೆಯಲ್ಲಿ ಮೈತ್ರಿಯೆಲರ್ ಆಗುತ್ತದೆ. ಅದು ಚೆನ್ನಾಗಿಯೇ ಇದೆ, ಎರಡೂ ಹೆಸರು ಉಳಿಯುತ್ತವೆ. ಸುಹಾಸ ಎಲರ್ ಮಾತ್ರ ಸುಹಾಸೆಲರ್ ಆಗುತ್ತದೆ. ಅಲ್ಲಿ ಸುಹಾಸನ ಕೊನೆಯ ಸ್ವರ ಲೋಪವಾಗಿ, ಕೇಳಿದವರಿಗೆ ಒಂದೇ ಉದ್ದದ ಹೆಸರು ಅನ್ನಿಸುತ್ತದೆ. ಸುಹಾಸ್ ಅಂತ ಅರ್ಧಕ್ಕೆ ನಿಲ್ಲಿಸಿದರೂ ಅದೇ ಗತಿ. ಇಂಚರ ಇಟ್ಟರೂ ಸುಹಾಸಿಂಚರ.

ವ್ಯಂಜನದಿಂದ ಶುರುವಾಗುವ ಹೆಸರಿಗೆ ಈ ತೊಂದರೆ ಇಲ್ಲ. ಮೈತ್ರಿ ಮುಗಿಲು, ಸುಹಾಸ ಮುಗಿಲು. ಎರಡೂ ಕಡೆ ಮುಗಿಲು ತನ್ನ ಕಾಲ ಮೇಲೆ ನಿಲ್ಲುತ್ತದೆ. ಹೊನಲು ಕೂಡ ಚೆಂದ, ಆದರೆ ಅವಸರದಲ್ಲಿ ಎಷ್ಟೋ ಜನ ಹಕಾರ ನುಂಗಿ ಒನಲು ಅಂದುಬಿಡುತ್ತಾರೆ.

ಇನ್ನೊಂದು. ಎಲರ್ ಅನ್ನುವುದಕ್ಕೆ ಇವತ್ತಿನ ಕನ್ನಡದ ಅಭ್ಯಾಸದಂತೆ ಉಕಾರ ಸೇರಿಸಿ ಎಲರು ಮಾಡಬೇಡಿ. ಎಲರು ಬಂದರು ಅಂದರೆ ಎಲ್ಲರೂ ಬಂದರು ಅಂತ ಕೇಳಿಸುತ್ತದೆ!

ಅಜ್ಜಿಯ ಹೆಸರಿನವಳು

ನಿಮ್ಮ ಎರಡೂ ಮನೆಯ ಹಿರಿಯರು ಏನಂತಾರೆ? ಮಧ್ಯದ ಹೆಸರಿನ ಜಾಗ ಕಂಡರೆ ಅತ್ತೆ, ಮಾವ, ಅಪ್ಪ, ಅಮ್ಮ ಎಲ್ಲರೂ ಒಂದೊಂದು ಹೆಸರು ತಂದು ಕೂರಿಸಲು ನೋಡುತ್ತಾರೆ. ಅಮೆರಿಕದ ಅಧ್ಯಕ್ಷರಾಗಿದ್ದ ಹ್ಯಾರಿ ಎಸ್. ಟ್ರೂಮನ್ ಅವರ ಎಸ್ ಅಕ್ಷರಕ್ಕೆ ವಿಸ್ತಾರವೇ ಇಲ್ಲ. ಒಬ್ಬ ತಾತ ಆಂಡರ್ಸನ್ ಶಿಪ್ ಟ್ರೂಮನ್, ಇನ್ನೊಬ್ಬರು ಸಾಲೊಮನ್ ಯಂಗ್. ಇಬ್ಬರಲ್ಲೂ ಎಸ್ ಇತ್ತು. ಹೆತ್ತವರು ಒಂದು ಅಕ್ಷರ ಇಟ್ಟು ಇಬ್ಬರನ್ನೂ ಸಂತೋಷಪಡಿಸಿದರು.

ನಮ್ಮ ಮನೆಯಲ್ಲಿ ಹಿರಿಯರಿಗೆ ನಾವು ಬೇರೆ ತರಹ ಕೇಳಿದೆವು. ನಿಮ್ಮ ಹೆಸರು ಇಡುವುದಿಲ್ಲ, ಆದರೆ ನಿಮಗೆ ಇಷ್ಟವಾದದ್ದು ಒಂದು ಹೇಳಿ, ಅದರಿಂದ ಹೆಸರು ಹುಡುಕುತ್ತೇವೆ ಅಂತ. ಮಾವನವರು ಸ್ವಲ್ಪ ಹೊತ್ತು ಯೋಚಿಸಿ, ಬೆಳಗಿನ ಜಾವದ ಮೊದಲ ಬೆಳಕು ಅಂದರು. ಅಷ್ಟು ಮಾತು ಅವರ ಬಾಯಿಂದ ಬಂದದ್ದೇ ಅಪರೂಪ. ಆ ಹೆಸರಿನ ಮೇಲೆ ಮನೆಯಲ್ಲಿ ಯಾರೂ ತಕರಾರು ತೆಗೆಯಲಿಲ್ಲ. ಹೆಸರು ಹಿರಿಯರದ್ದಾಗಿದ್ದರೆ ಅದು ಗಂಡೋ ಹೆಣ್ಣೋ ಆಗಿಯೇ ಇರುತ್ತದೆ. ಅವರ ಇಷ್ಟದ ವಸ್ತುವಿಗೆ ಆ ಕಟ್ಟಿಲ್ಲ.

ಬಾನಾಡಿ

ಪಟ್ಟಿ ಖಾಲಿ ಅಂದಿರಲ್ಲ, ಕೆಲವು ಸೇರಿಸುತ್ತೇನೆ. ನೇಸರ: ಸೂರ್ಯ. ಹುಡುಗರ ಕಡೆ ಸ್ವಲ್ಪ ವಾಲಿದೆ, ಆದರೂ ಅಪರೂಪ. ಒಲವು: ಪ್ರೀತಿ. ಇದು ನನಗೆ ಎಲ್ಲಕ್ಕಿಂತ ಇಷ್ಟ, ಆದರೆ ಸ್ವರದಿಂದ ಶುರುವಾಗುತ್ತದೆ, ಮೇಲಿನವರ ಸಂಧಿ ನೋಡಿಕೊಳ್ಳಿ. ಅರಿವು: ತಿಳಿವಳಿಕೆ. ಇದರ ಬಗ್ಗೆ ಮಗು ದೊಡ್ಡದಾದ ಮೇಲೆ ಹೆಮ್ಮೆ ಪಡಬಹುದು. ನಲಿವು: ಸಂತೋಷ. ಸೋನೆ: ಸಣ್ಣ ಮಳೆ. ಮಿಂಚು ಬೇಡ, ಅಡ್ಡಹೆಸರಿನ ಹಾಗೆ ಕೇಳಿಸುತ್ತದೆ. ಬೆಳಕು ಒಳ್ಳೆಯದೇ, ಆದರೆ ಇಂಗ್ಲಿಷ್ ಅಕ್ಷರದಲ್ಲಿ ಳಕಾರ ಲಕಾರವಾಗಿ ಬೆಲಕು ಆಗುತ್ತದೆ. ಳ, ಣ ಇರುವ ಎಲ್ಲ ಹೆಸರಿಗೂ ಈ ಕಷ್ಟ ಇದೆ. ಸಿರಿ ಅನ್ನುವುದು ಎಂಥ ಒಳ್ಳೆಯ ಹೆಸರು, 2011ರ ನಂತರ ಅದನ್ನು ಕೂಗಿದರೆ ಯಾರದ್ದೋ ಜೇಬಿನ ಐಫೋನ್ ಉತ್ತರ ಕೊಡುತ್ತದೆ.

ಬೇರೆ ಭಾಷೆಯ ಕಡೆಯೂ ಒಮ್ಮೆ ನೋಡಿ. ಟಿಬೆಟಿಯನ್ನರಲ್ಲಿ ತೆನ್‌ಜಿನ್, ಸೋನಮ್ ಎರಡನ್ನೂ ಯಾರಿಗಾದರೂ ಇಡುತ್ತಾರೆ. ಸಿಖ್ಖರಲ್ಲಿ ಹರ್‌ಪ್ರೀತ್, ಮನ್‌ಪ್ರೀತ್ ಯಾರಾದರೂ ಆಗಬಹುದು, ಮುಂದೆ ಬರುವ ಸಿಂಗ್ ಅಥವಾ ಕೌರ್ ನೋಡಿ ತಿಳಿಯಬೇಕು. ರಷ್ಯನ್ನರಲ್ಲಿ ಇದು ಉಲ್ಟಾ. ಅಲ್ಲಿ ನಡುವೆ ಬರುವುದು ಅಪ್ಪನ ಹೆಸರು, ಮಗನಾದರೆ ಇವಾನೊವಿಚ್, ಮಗಳಾದರೆ ಇವಾನೊವ್ನಾ. ನಡುವಿನ ಹೆಸರು ಎರಡೂ ಕಡೆಗೆ ಒಪ್ಪಬೇಕು ಅಂದರೆ ಅಲ್ಲಿ ಸಾಧ್ಯವೇ ಇಲ್ಲ. ಆದರೆ ಬೇರೆಯವರ ಹೆಸರು ಎತ್ತಿಕೊಳ್ಳುವ ಮುಂಚೆ ಯೋಚಿಸಿ. ಅದು ಅವರ ನಂಬಿಕೆಗೋ ಮನೆತನಕ್ಕೋ ಸೇರಿದ್ದಾಗಿರಬಹುದು. ಸದ್ದು ಚೆನ್ನಾಗಿದೆ ಅಂತ ತಂದರೆ, ಯಾಕೆ ಈ ಹೆಸರು ಅಂತ ಮಗು ಕೇಳಿದಾಗ ಏನು ಹೇಳುತ್ತೀರಿ?

ನೇರ ಮಾತು

ಬೆಳ್ಳಿಚುಕ್ಕಿ ಅವರ ಉತ್ತರ ಓದಿದೆ. ಮನೆಯೊಳಗಿನ ಮಾತು ಅಂದಿರಿ, ಅದು ನನಗೆ ಒಪ್ಪಿಗೆಯಾಯಿತು. ಹಾಗಾದರೆ ಒಂದೇ ಬೇಡಿಕೆ. ಹೆಸರು ಅಪರೂಪವಾಗಿರಲಿ, ಬರೆಯುವ ರೀತಿ ಅಪರೂಪವಾಗುವುದು ಬೇಡ. ಸಾಮಾನ್ಯ ಹೆಸರಿಗೆ ಎರಡು ವೈ, ಮೂರು ಎ ಸೇರಿಸಿ ಹೊಸದು ಮಾಡುವವರಿದ್ದಾರೆ. ಆ ಮಗು ಬದುಕಿರುವಷ್ಟು ಕಾಲ ಫೋನಿನಲ್ಲಿ ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಾ ಕೂರಬೇಕು.

ಬೆಳ್ಳಿಚುಕ್ಕಿ

ಎಲ್ಲರಿಗೂ ಮನಸಾರೆ ಧನ್ಯವಾದ. ಇಷ್ಟು ಜನ ಇಷ್ಟು ಪ್ರೀತಿಯಿಂದ ಬರೆಯುತ್ತೀರಿ ಅಂದುಕೊಂಡಿರಲಿಲ್ಲ.

ಅಜ್ಜಿಯ ಹೆಸರಿನವಳು ಹೇಳಿದ ಹಾಗೆ ನಮ್ಮ ಅತ್ತೆಯನ್ನೂ ನನ್ನ ಅಪ್ಪನನ್ನೂ ಕೇಳಿದೆವು. ಅಪ್ಪ ಹೊಲದ ಕಡೆ ಬೀಸುವ ಸಂಜೆಯ ಗಾಳಿ ಅಂದರು. ನಾವು ಎಲರ್ ಬಗ್ಗೆ ಅವರಿಗೆ ಒಂದು ಮಾತೂ ಹೇಳಿರಲಿಲ್ಲ! ಅತ್ತೆ ಮಲ್ಲಿಗೆಯ ಕಂಪು ಅಂದರು. ಕಂಪು ಬರುವುದೂ ಗಾಳಿಯ ಮೇಲೇ ಅಲ್ಲವೇ ಅಂದಾಗ ಅವರೂ ನಕ್ಕು ಒಪ್ಪಿದರು.

ಹಾಗಾಗಿ ಎಲರ್ ಪಕ್ಕಾ ಆಯಿತು. ಸಂಧಿಯ ತೊಂದರೆಗೆ ಒಂದು ದಾರಿ ಕಂಡುಕೊಂಡಿದ್ದೇವೆ. ಹುಡುಗನ ಹೆಸರನ್ನೇ ಬದಲಿಸುತ್ತೇವೆ. ಸುಹಾಸನ ಬದಲು ರವಿ. ರವಿಯೆಲರ್ ಅಂದರೆ ಮೈತ್ರಿಯೆಲರ್ ಹಾಗೇ ಕೇಳಿಸುತ್ತದೆ, ಎರಡು ಹೆಸರೂ ಉಳಿಯುತ್ತವೆ. ಸದ್ದು ಕೇಳುವವಳೇ, ನಿಮಗೆ ಸರಿ ಅನ್ನಿಸುತ್ತದಾ?

ಕಡತ ನೋಡುವವ ಅವರೇ, ಇಂಗ್ಲಿಷ್‌ನಲ್ಲಿ ಹೇಗೆ ಬರೆಸಲಿ? ಇ, ಎಲ್, ಎ, ಆರ್ ಸಾಕಾ? ಎಲ್ ಎರಡು ಬೇಕಾ ಅಂತ ಇವರು ಕೇಳುತ್ತಿದ್ದಾರೆ. ಒಂದೇ ಎಲ್ ಇಟ್ಟರೆ ಈಲರ್ ಅಂತ ಓದಿಬಿಡುತ್ತಾರೆ ಅನ್ನುವ ಭಯ.

ಸದ್ದು ಕೇಳುವವಳು

ರವಿಯೆಲರ್ ತುಂಬಾ ಚೆನ್ನಾಗಿದೆ. ಬಿಸಿಲೂ ಗಾಳಿಯೂ ಒಟ್ಟಿಗೆ ಬಂದವು. ಎರಡು ಎಲ್ ಬೇಡ, ಅದು ಎಲ್ಲರ್ ಆಗುತ್ತದೆ.

ಕಡತ ನೋಡುವವ

ಒಂದೇ ಎಲ್ ಸಾಕು. ನಾಲ್ಕೇ ಅಕ್ಷರ, ಯಾವ ಖಾನೆಯಲ್ಲೂ ಹಿಡಿಯುತ್ತದೆ. ಮೊದಲ ಬಾರಿ ಈಲರ್ ಅಂತ ಓದುವವರು ಇರುತ್ತಾರೆ, ಒಮ್ಮೆ ತಿದ್ದಿದರೆ ಕಲಿಯುತ್ತಾರೆ. ಕನ್ನಡದಲ್ಲಿ ಬರೆಸುವಾಗ ಕೊನೆಯ ರ್ ಅರ್ಧಾಕ್ಷರವಾಗಿಯೇ ಇದೆಯಾ ಅಂತ ಸಹಿ ಹಾಕುವ ಮುಂಚೆ ನೋಡಿ. ಬೆರಳಚ್ಚು ಮಾಡುವವರು ಅಭ್ಯಾಸಬಲದಿಂದ ಎಲರ ಅಂತ ಹೊಡೆದಿರುತ್ತಾರೆ. ಪ್ರಮಾಣಪತ್ರ ಅಚ್ಚಾಗುವ ಮುಂಚೆ ಕರಡು ತೋರಿಸಿ ಅಂತ ಕೇಳಿ, ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಇಬ್ಬರೂ ಬೇರೆ ಬೇರೆಯಾಗಿ ಓದಿ. ಆಮೇಲೆ ಸಹಿ ಹಾಕಿ.